ಹೋದ ಜಾಗ: ದೇವಸ್ಥಾನ

ಮಗಳನ್ನು ಓದಿಸಬೇಕೆಂಬ ಆಸೆ ಒಂದು ಕಡೆ, ಓದಲು ಕಳಿಸಿದರೆ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂಬ ದಿಗಿಲು ಇನ್ನೊಂದು ಕಡೆ. ಈ ಎರಡರ ನಡುವೆ ಒದ್ದಾಡುತ್ತಿದ್ದ ಅಪ್ಪಂದಿರು ಮಧುಗಿರಿಗೆ ಬಂದರೆ ಕೊನೆಗೆ ನಿಲ್ಲುತ್ತಿದ್ದುದು ಇಂದ್ರಮ್ಮನ ಹಾಸ್ಟೆಲಿನ ಗೇಟಿನ ಮುಂದೆ. ನಿಂತವರು ಮೊದಲು ನೋಡುತ್ತಿದ್ದುದು ಕೋಣೆಗಳನ್ನಲ್ಲ, ಅಡುಗೆಮನೆಯನ್ನೂ ಅಲ್ಲ, ಗೇಟಿನಲ್ಲಿ ತೂಗುತ್ತಿದ್ದ ಬೀಗವನ್ನು. ಅಂಗೈ ಅಗಲದ ಹಿತ್ತಾಳೆ ಬೀಗ. ಕೆಲವರಂತೂ ಅದನ್ನು ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದರು. ನೋಡಿದ ಮೇಲೆ ಮುಖದ ಬಿಗಿ ಸಡಿಲವಾಗಿ, "ಆಗ್ಲಿ ಕಣಮ್ಮ, ಇವತ್ತಿಂದ ಇವ್ಳು ನಿಮ್ಮ ಮಗಳು" ಎಂದು ಬ್ಯಾಗು ಇಳಿಸಿ ಹೋಗುತ್ತಿದ್ದರು.

ಗಂಡ ತೀರಿಕೊಂಡ ವರ್ಷ, ಇಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಏನು ಮಾಡಲಿ ಎಂದು ಇಂದ್ರಮ್ಮ ಶುರುಮಾಡಿದ ಹಾಸ್ಟೆಲಿಗೆ ಈಗ ಇಪ್ಪತ್ತೆರಡು ವರ್ಷ. ಹದಿನೆಂಟು ಹುಡುಗಿಯರು. ಕಾಲೇಜಿಗೆ ಹೋಗಿ ಬರುವ ಹೊತ್ತು ಬಿಟ್ಟರೆ ಗೇಟಿಗೆ ಸದಾ ಬೀಗ, ಬೀಗದ ಕೈ ಇಂದ್ರಮ್ಮನ ಸೆರಗಿನ ಗಂಟಿನಲ್ಲಿ. ಭಾನುವಾರವೋ ಹಬ್ಬದ ದಿನವೋ ಹೊರಗೆ ಹೋಗಬೇಕಾದವರು ರಿಜಿಸ್ಟರಿನಲ್ಲಿ ಬರೆಯಬೇಕು: ಹೆಸರು, ಹೋಗುವ ಜಾಗ, ಕಾರಣ, ಹೋದ ಹೊತ್ತು, ಬಂದ ಹೊತ್ತು. ಕಾರಣ ಇಂದ್ರಮ್ಮನ ಮನಸ್ಸಿಗೆ ಬಂದರೆ ಸೆರಗಿನ ಗಂಟು ಬಿಚ್ಚುತ್ತಿತ್ತು. ರಿಜಿಸ್ಟರು ಇಟ್ಟ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಬೋರ್ಡು: 'ಸುಳ್ಳು ಹೇಳುವವರಿಗೆ ಇಲ್ಲಿ ಜಾಗವಿಲ್ಲ.'

ಆ ರಿಜಿಸ್ಟರುಗಳನ್ನು ಓದಿದರೆ ಎಂಥವರಿಗೂ ಭಕ್ತಿ ಉಕ್ಕಿ ಬರಬೇಕು. ಪುಟ ಪುಟಕ್ಕೂ ದೇವಸ್ಥಾನ. ದೇವಸ್ಥಾನಕ್ಕೆ ಹೋಗದವರು ಲೈಬ್ರರಿಗೆ ಹೋಗಿದ್ದರು. ಒಬ್ಬಳು ಒಂದೇ ವರ್ಷದಲ್ಲಿ ಹದಿನಾಲ್ಕು ಸಲ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು, ಹೋಗುವಾಗ ಇದ್ದ ಮೂವತ್ತೆರಡು ಹಲ್ಲುಗಳೂ ಕಾಲೇಜು ಬಿಡುವಾಗ ಅವಳ ಬಾಯಲ್ಲೇ ಇದ್ದವು. ಹಿತ್ತಿಲ ಗೋಡೆಯ ಪಕ್ಕದ ಸೀಬೆಮರದ ಒಂದು ಕೊಂಬೆ ಮಾತ್ರ ಯಾಕೋ ಕಾಲಿಟ್ಟು ಕಾಲಿಟ್ಟು ಸವೆದ ಹಾಗೆ ನುಣ್ಣಗಾಗಿತ್ತು. ಇದನ್ನೆಲ್ಲ ಇಂದ್ರಮ್ಮ ನಂಬಿದ್ದಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. "ನನ್ ಹಾಸ್ಟೆಲಿನ ಒಂದೇ ಒಂದು ಹುಡ್ಗಿ ಕಡೆ ಯಾರಾದ್ರೂ ಬೆಟ್ಟು ಮಾಡಿ ತೋರ್ಸಿದಾರಾ?" ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಹೇಳುವ ಹಕ್ಕೂ ಅವಳಿಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಾನಾಗಿ ಒಂದು ಸುಳ್ಳನ್ನೂ ಆಡಿದವಳಲ್ಲ ಆಕೆ. ಆಡುವ ಅಗತ್ಯವೇ ಬಿದ್ದಿರಲಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಬೀಗದ ಕೈ ಕಟ್ಟಿಕೊಂಡವಳ ಪಾಡು. ತಂಗಿಯ ಮಕ್ಕಳ ಮದುವೆಗೆ ಹೋದರೆ ಧಾರೆ ಮುಗಿಯುತ್ತಲೇ ಎದ್ದು ಓಡಿಬರಬೇಕು. ನಾಲ್ಕು ಬೀದಿ ಆಚೆ, ಕೆರೆ ಪಕ್ಕದ ಈಶ್ವರನ ಗುಡಿಯಲ್ಲಿ ಸಂಜೆ ಮಂಗಳಾರತಿಯ ಗಂಟೆ ಬಾರಿಸಿದಾಗೆಲ್ಲ ಇಂದ್ರಮ್ಮ ಗೇಟಿನ ಒಳಗಿಂದಲೇ ಕೈ ಮುಗಿಯುತ್ತಿದ್ದಳು. ಹುಡುಗಿಯರಾದರೂ ಹೋಗಿಬರುತ್ತಾರಲ್ಲ ಎಂಬುದೇ ಅವಳಿಗೆ ಸಮಾಧಾನ.

ಈ ವರ್ಷ ಲೈಸನ್ಸ್ ರಿನ್ಯೂ ಮಾಡಿಸುವಾಗ ಅಗ್ನಿಶಾಮಕದವರ ಕಡೆಯಿಂದ ನವೀನ್ ಕುಮಾರ್ ಅಂತ ಒಬ್ಬ ಆಫೀಸರು ಬಂದರು. ಎಳೆ ವಯಸ್ಸು, ತಗ್ಗಿದ ದನಿ. ಮನೆಯೆಲ್ಲ ಸುತ್ತಿ ಬಂದು ಬೀಗದ ಮುಂದೆ ನಿಂತರು.

"ಮೇಡಂ, ರಾತ್ರಿ ಬೆಂಕಿ ಬಿತ್ತು ಅಂತ ಇಟ್ಕೊಳ್ಳಿ. ಕೀ ಎಲ್ಲಿರುತ್ತೆ?"

"ನನ್ ಸೆರಗಲ್ಲಿ."

"ನೀವೆಲ್ಲಿರ್ತೀರಾ?"

"ನಿದ್ದೇಲಿ" ಅಂದುಬಿಟ್ಟಳು ಇಂದ್ರಮ್ಮ. ಸತ್ಯ ಹೇಳಿ ಅಭ್ಯಾಸ.

ಅವರು ನಗಲಿಲ್ಲ. ಒಳಗೆ ಜನ ಇರುವಾಗ ಗೇಟಿಗಾಗಲಿ ಬಾಗಿಲಿಗಾಗಲಿ ಬೀಗ ಹಾಕುವಂತಿಲ್ಲ, ಒಳಗಿನಿಂದ ಯಾರು ಬೇಕಾದರೂ ತೆಗೆಯುವ ಹಾಗೆ ಚಿಲಕ ಮಾತ್ರ, ಇಲ್ಲದಿದ್ದರೆ ಲೈಸನ್ಸ್ ಇಲ್ಲ ಎಂದು ಬರೆದುಕೊಟ್ಟು ಹೋದರು. ಇಂದ್ರಮ್ಮ ಹಿತ್ತಾಳೆ ಬೀಗವನ್ನು ಒರೆಸಿ, ಹಳೇ ಸೀರೆಯಲ್ಲಿ ಸುತ್ತಿ, ಬೀರುವಿನಲ್ಲಿ ಇಟ್ಟಳು. ಅವತ್ತು ಅವಳ ಕಣ್ಣಲ್ಲಿ ನೀರು ಬಂದಿದ್ದು ನಿಜ.

ಸಂಜೆ ಆರಕ್ಕೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಈಗ ಹದಿನೆಂಟೂ ಜನ ಕಟ್ಟೆ ಒಡೆದ ಹಾಗೆ ನುಗ್ಗುತ್ತಾರೆ, ತಡೆಯುವುದು ಹೆಂಗೆ ಎಂದು ಲೆಕ್ಕ ಹಾಕುತ್ತಿದ್ದಳು. ಆರೂವರೆಗೆ ಲೋಹಿತಾ ಒಬ್ಬಳು ಬಂದಳು. ಹಾಸ್ಟೆಲಿನಲ್ಲೆಲ್ಲ ಬಾಯಿ ಜೋರಿನ ಹುಡುಗಿ. ಚಿಲಕ ತೆಗೆದಳು, ಬೀದಿಯ ಆ ಕಡೆ ಈ ಕಡೆ ನೋಡಿದಳು, ಮತ್ತೆ ಚಿಲಕ ಹಾಕಿದಳು.

"ಏನೇ ಅದು?"

"ಸುಮ್ನೆ ಆಂಟಿ. ತೆಗಿಯುತ್ತಾ ಅಂತ ನೋಡ್ದೆ" ಎಂದು ಒಳಗೆ ಹೋಗಿ ಓದುತ್ತಾ ಕೂತಳು. ಬೇರೆ ಯಾರೂ ಬರಲೇ ಇಲ್ಲ.

ಹೊಸ ಚಿಲಕಕ್ಕೆ ಹೊಸ ರಿಜಿಸ್ಟರೂ ಬಂತು. ತಲೆನೋವು ಹತ್ತಿಕೊಂಡಿದ್ದು ಅಲ್ಲಿಂದ. ಮೊದಲ ಭಾನುವಾರವೇ ಲೋಹಿತಾ ಬರೆದಿದ್ದಳು: 'ಹೋಗುವ ಜಾಗ: ಸಿನಿಮಾ. ಕಾರಣ: ಬೇಜಾರು.' ಅದರ ಕೆಳಗೆ ಇನ್ನೊಬ್ಬಳು: 'ಬಸ್ ಸ್ಟ್ಯಾಂಡ್. ಕಾರಣ: ಸುಮ್ಮನೆ.' ಮತ್ತೊಬ್ಬಳು: 'ಪಾನಿಪೂರಿ ಗಾಡಿ. ಕಾರಣ: ಪಾನಿಪೂರಿ.' ಹೋದವರೆಲ್ಲ ಐದೂವರೆಗೇ ವಾಪಸ್ಸು ಬಂದಿದ್ದರು, ಬಂದ ಹೊತ್ತನ್ನೂ ನಿಮಿಷದ ಸಮೇತ ಬರೆದಿದ್ದರು. ಇಂದ್ರಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಸತ್ಯ ಬರವಣಿಗೆಯಲ್ಲಿ ಇಷ್ಟು ಕೆಟ್ಟದಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಇದೇನ್ರೇ ಇದು? ಒಬ್ಳಾದ್ರೂ ದೇವಸ್ಥಾನಕ್ಕೆ ಹೋಗ್ಲಿಲ್ವಾ?"

ಉತ್ತರ ಕೊಟ್ಟವಳು ಯಶಸ್ವಿನಿ. ಬಿ.ಎಸ್ಸಿ. ಕೊನೆಯ ವರ್ಷ, ಹಾಸ್ಟೆಲಿಗೇ ಜಾಣೆ. "ಆಗ ಬೀಗ ತೆಗೆಸ್ಬೇಕಿತ್ತು, ಅದಕ್ಕೆ ನಿಮಗೆ ಇಷ್ಟ ಆಗೋ ಕಾರಣ ಬರೀತಿದ್ವಿ ಆಂಟಿ. ಈಗ ಬೀಗಾನೇ ಇಲ್ವಲ್ಲ. ಸುಳ್ಳು ಯಾಕ್ ಬರೀಬೇಕು?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಇಂದ್ರಮ್ಮ ಬೈದು ಹಗುರಾಗಬಹುದಿತ್ತು. ಬೀಗ ತೆಗೆದ ಒಂದು ತಿಂಗಳಿಗೆ ಸೀಬೆಮರದ ಆ ನುಣ್ಣನೆ ಕೊಂಬೆಯಲ್ಲಿ ಚಿಗುರು ಕಾಣಿಸಿತು. ಅದರ ಅರ್ಥ ತಿಳಿಯದ ಹಾಗೆ ಇರಲು ಇಂದ್ರಮ್ಮ ಬಹಳ ಕಷ್ಟಪಟ್ಟಳು.

ಯಶಸ್ವಿನಿಯ ಅಪ್ಪ ನಾಗಲಿಂಗಯ್ಯ ಪಾವಗಡದಿಂದಾಚೆ ಒಂದು ಹಳ್ಳಿಯವರು. ಲಿಂಗಪೂಜೆ ಆಗದೆ ನೀರು ಮುಟ್ಟದವರು, ಕಂಡಕಂಡವರ ಮನೆಯಲ್ಲಿ ನೀರನ್ನೂ ಕುಡಿಯದವರು. ಮಗಳಿಗೆ ಕೊರಟಗೆರೆ ಕಡೆಯ ಒಂದು ಗಂಡು ಆಗಲೇ ಗೊತ್ತುಮಾಡಿ ಇಟ್ಟಿದ್ದರು. ಡಿಗ್ರಿ ಮುಗಿಸುತ್ತೇನೆಂದು ಅವಳು ಅತ್ತೂ ಕರೆದೂ ಒಪ್ಪಿಸಿದ್ದಳು. ಒಪ್ಪಿದ್ದಕ್ಕೆ ಇಂದ್ರಮ್ಮನ ಬೀಗವೇ ಮುಖ್ಯ ಕಾರಣ. ಪರೀಕ್ಷೆಗೆ ಇನ್ನು ಮೂರು ವಾರ ಇತ್ತು.

ಅಷ್ಟರಲ್ಲಿ ರಂಜಾನ್ ಹಬ್ಬ ಬಂತು. ಬೆಳಿಗ್ಗೆ ಯಶಸ್ವಿನಿ ರಿಜಿಸ್ಟರಿನಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಳು: 'ಹೋಗುವ ಜಾಗ: ಸಿರಾ, ಆಫ್ರೀನ್ ಮನೆ. ಕಾರಣ: ಹಬ್ಬದ ಊಟ.' ಆಫ್ರೀನ್ ಅವಳ ಕ್ಲಾಸಿನವಳು, ದಿನಾ ಸಿರಾದಿಂದ ಬಸ್ಸಿನಲ್ಲಿ ಬರುವ ಹುಡುಗಿ.

ಇಂದ್ರಮ್ಮ ಬಗ್ಗಿ ಆ ಸಾಲನ್ನು ಓದಿದಳು. "ಇದನ್ನ ಇಂಗೇ ಬರೀಬೇಕೇನೇ?"

"ಹೋಗ್ತಿರೋದು ಅಲ್ಲಿಗೇ ಅಲ್ವಾ ಆಂಟಿ? ಬೇಡ ಅಂದ್ರೆ ಹೋಗಲ್ಲ ಬುಡಿ. ಹೋಗು, ಆದ್ರೆ ಬೇರೆ ಏನಾದ್ರೂ ಬರಿ ಅಂತ ಮಾತ್ರ ಅನ್ಬೇಡಿ." ಹುಡುಗಿ ಗೋಡೆಯ ಬೋರ್ಡನ್ನು ಒಮ್ಮೆ ನೋಡಿದಳು ಅಷ್ಟೆ.

ಬೇಡ ಎನ್ನಲು ಇಂದ್ರಮ್ಮನಿಗೆ ಬಾಯಿ ಬರಲಿಲ್ಲ, ಹೋಗು ಎನ್ನಲು ಧೈರ್ಯ ಬರಲಿಲ್ಲ. "ದಾರೀಲಿ ಬಡವನಹಳ್ಳಿ ದಾಟಿದ್ಮೇಲೆ ಒಂದು ಫೋನ್ ಮಾಡು" ಅಂದಳು. ಹುಡುಗಿ ಫೋನೂ ಮಾಡಿದಳು, ಐದು ಗಂಟೆಗೆ ವಾಪಸ್ಸೂ ಬಂದಳು. ಆಫ್ರೀನ್‌ಳ ಅಮ್ಮ ಸಾಬೀರಾ ಕೊಟ್ಟರೆಂದು ಒಂದು ಡಬ್ಬಿ ಶ್ಯಾವಿಗೆ ಪಾಯಸ ತಂದುಕೊಟ್ಟಳು. ಇಂದ್ರಮ್ಮನೂ ಲಿಂಗ ಕಟ್ಟಿದ ಮನೆಯವಳೇ. ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು, ತೆಗೆದಳು. ಹಾಲು, ಶ್ಯಾವಿಗೆ, ಖರ್ಜೂರ, ಇದರಲ್ಲೇನಿದೆ ಅಂದುಕೊಂಡು ಒಂದು ಚಮಚ ಬಾಯಿಗಿಟ್ಟಳು. ಸ್ವಲ್ಪ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.

ಮಾರನೆಯ ದಿನ ನಾಗಲಿಂಗಯ್ಯನವರ ಫೋನು ಬಂತು.

"ಏನಮ್ಮಾ, ಬೀಗ ತೆಗೆಸ್ಬುಟ್ರಂತೆ? ನಮಗೊಂದು ಮಾತು ಹೇಳ್ಬಾರ್ದಾಗಿತ್ತಾ? ಭಾನ್ವಾರ ಬತ್ತೀನಿ. ಆ ರಿಜಿಸ್ಟ್ರು ತೆಗೆದಿಟ್ಟಿರಿ. ಎಲ್ಲೆಲ್ಲಿ ಹೋಗವ್ಳೆ, ಯಾವಾಗ ಬಂದವ್ಳೆ, ಎಲ್ಲಾನೂವೆ ನೋಡ್ಬೇಕು. ಒಂಚೂರು ಹೆಚ್ಚುಕಮ್ಮಿ ಇದ್ರೂ ಅವತ್ತೇ ಕರ್ಕಂಡು ಹೋಗದೇ ಸೈ. ಗಂಡಿನ ಕಡೆಯೋರು ಕಾಯ್ತಾ ಕುಂತವ್ರೆ."

ಶನಿವಾರ ಹುಡುಗಿಯರೆಲ್ಲ ಕಾಲೇಜಿಗೆ ಹೋದ ಮೇಲೆ ಇಂದ್ರಮ್ಮ ಅಂಗಡಿಗೆ ಹೋಗಿ, ಅಂಥದೇ ಕೆಂಪು ರಟ್ಟಿನ ಇನ್ನೊಂದು ರಿಜಿಸ್ಟರು ತಂದಳು. ಮೇಜಿನ ಮುಂದೆ ಕೂತಾಗ ಬೋರ್ಡು ಸರಿಯಾಗಿ ಅವಳ ನೆತ್ತಿಯ ಮೇಲಿತ್ತು. ಯಶಸ್ವಿನಿಯ ಒಂದು ಸಾಲನ್ನು ದೇವಸ್ಥಾನ ಮಾಡಿ, ಉಳಿದದ್ದನ್ನು ಇದ್ದ ಹಾಗೇ ಇಳಿಸಿಕೊಂಡರೆ ಸಾಕು ಎಂದೇ ಮೊದಲು ಅಂದುಕೊಂಡಿದ್ದಳು. ಆದರೆ ಅದೇ ಪುಟದಲ್ಲಿ ಲೋಹಿತಾಳ ಸಿನಿಮಾ ಇತ್ತಲ್ಲ? ಅದನ್ನೂ ತಿದ್ದಿದಳು. ಬಸ್ ಸ್ಟ್ಯಾಂಡಿಗೆ ಸುಮ್ಮನೆ ಹೋದವಳನ್ನು ಲೈಬ್ರರಿಗೆ ಕಳಿಸಿದಳು. ಎರಡು ಬಣ್ಣದ ಪೆನ್ನು ಹಿಡಿದು, ಕೆಲವು ಸಾಲನ್ನು ಎಡಗೈಯಲ್ಲಿ ಬರೆದು, ಅಕ್ಷರಗಳನ್ನು ಬಲಕ್ಕೂ ಎಡಕ್ಕೂ ವಾಲಿಸಿ, ನಾಲ್ಕು ಭಾನುವಾರ ಒಂದು ಹಬ್ಬ ಮುಗಿಸುವ ಹೊತ್ತಿಗೆ ನಾಲ್ಕು ಗಂಟೆ ಹೊಡೆದಿತ್ತು. ಬೆರಳು ನೋಯುತ್ತಿದ್ದವು. ಇಷ್ಟೂ ಕಷ್ಟವನ್ನು ಇಪ್ಪತ್ತೆರಡು ವರ್ಷ ಹುಡುಗಿಯರೇ ಪಡುತ್ತಿದ್ದರಲ್ಲ ಎಂದು ಮೊದಲ ಸಲ ಅನ್ನಿಸಿತು. ನಿಜವಾದ ರಿಜಿಸ್ಟರನ್ನು ಬೀರುವಿನಲ್ಲಿ ಬೀಗದ ಪಕ್ಕ ಇಟ್ಟಳು.

ನಾಗಲಿಂಗಯ್ಯ ಭಾನುವಾರ ಬೆಳಿಗ್ಗೆ ಒಂದು ಚೀಲ ಕಡ್ಲೆಕಾಯಿ ಹೊತ್ತುಕೊಂಡೇ ಬಂದರು. ಮೊದಲು ಗೇಟಿನ ಚಿಲಕವನ್ನು ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ಮೇಜಿನ ಮುಂದೆ ಕೂತು, ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಾ ಓದಿದರು. ಓದುತ್ತಾ ಓದುತ್ತಾ ಮುಖ ಅರಳಿತು.

"ರಂಜಾನ್ ರಜಾ ದಿನ ದೇವಸ್ಥಾನಕ್ಕೆ ಹೋಗಿದ್ದೇನವ್ವಾ?"

ಯಶಸ್ವಿನಿ ಬಗ್ಗಿ ಪುಟ ನೋಡಿದಳು. ತನ್ನ ಹೆಸರು, ಬೇರೆ ಯಾರದೋ ಅಕ್ಷರ. ತಲೆಯೆತ್ತಿ ಇಂದ್ರಮ್ಮನನ್ನು ನೋಡಿದಳು. ಇಂದ್ರಮ್ಮ ನೆಲ ನೋಡುತ್ತಿದ್ದಳು. ಹುಡುಗಿ ಈಗ ಬಾಯಿ ಬಿಟ್ಟು ನಿಜ ಹೇಳಿದರೆ ಅವಳ ಓದಿಗೂ ಕೊನೆ, ಹಾಸ್ಟೆಲಿಗೂ ಕೊನೆ.

"ಊಂ ಅಪ್ಪಾಜಿ. ಕೆರೆ ಪಕ್ಕದ ಈಶ್ವರನ ಗುಡಿಗೆ."

"ಏನ್ ಕೊಟ್ರು ಪ್ರಸಾದ?"

ಅವಳು ಅರೆಗಳಿಗೆ ತಡವರಿಸಿದಳು. "ಶ್ಯಾವಿಗೆ ಪಾಯಸ."

ಇಂದ್ರಮ್ಮನಿಗೆ ಕೆಮ್ಮು ಬಂತು.

"ನೋಡ್ರಮ್ಮಾ!" ನಾಗಲಿಂಗಯ್ಯ ರಿಜಿಸ್ಟರು ಮುಚ್ಚಿದರು. "ಬೀಗ ಇದ್ದಾಗ ದೇವಸ್ಥಾನಕ್ಕೆ ಹೋಗದು ದೊಡ್ಡದಲ್ಲ. ಬೀಗ ತೆಗೆದ ಮ್ಯಾಲೂ ಹೋಗ್ತಾವಲ್ಲ, ಸಂಸ್ಕಾರ ಅಂದ್ರೆ ಇದು. ನಾನು ಸುಮ್ ಸುಮ್ನೆ ಅನುಮಾನ ಪಟ್ಬುಟ್ಟೆ. ಪರೀಕ್ಷೆ ಮುಗಿಸ್ಕಂಡೇ ಬರ್ಲಿ ಬುಡಿ." ಕಣ್ಣು ಒರೆಸಿಕೊಂಡು, ಇಂದ್ರಮ್ಮನಿಗೆ ಕೈ ಮುಗಿದು ಹೋದರು. ಒಳ್ಳೆಯ ಮನುಷ್ಯ. ಅವರು ತಂದ ಕಡ್ಲೆಕಾಯಿ ಚೀಲವನ್ನು ಬಿಚ್ಚಲು ಇಂದ್ರಮ್ಮನಿಗೆ ಮನಸ್ಸಾಗಲಿಲ್ಲ.

ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ, ನಾಲ್ಕು ಗಂಟೆಗೆ ಎದ್ದು ಬಂದು ನೋಡಿದರೆ ರಿಜಿಸ್ಟರಿನಲ್ಲಿ ಹೊಸ ಪುಟ ತುಂಬಿತ್ತು. ಮೊದಲ ಸಾಲು: 'ದೇವಸ್ಥಾನ. ಕಾರಣ: ದರ್ಶನ.' ಎರಡನೆಯ ಸಾಲು: 'ದೇವಸ್ಥಾನ. ಕಾರಣ: ದರ್ಶನ.' ಮೇಲಿಂದ ಕೆಳತನಕ ಹದಿನೇಳು ದೇವಸ್ಥಾನ. ಹದಿನೆಂಟನೆಯದನ್ನು ಲೋಹಿತಾ ಈಗಷ್ಟೇ ಬರೆದು ಪೆನ್ನು ಮುಚ್ಚುತ್ತಿದ್ದಳು.

"ಎಲ್ಲಿಗ್ ಹೊಂಟೆ? ನಿಜ ಹೇಳು."

"ದೇವಸ್ಥಾನಕ್ಕೆ ಆಂಟಿ."

ಮುಖ ತಗ್ಗಿಸಿ, ದನಿ ತಗ್ಗಿಸಿ ಹೇಳಿದಳು. ಆ ಮುಖವನ್ನು ಇಂದ್ರಮ್ಮ ಇಪ್ಪತ್ತೆರಡು ವರ್ಷ ದಿನವೂ ನೋಡಿದ್ದಳು. ಅದನ್ನೇ ವಿನಯ ಅಂದುಕೊಂಡಿದ್ದಳು. ಬೇಜಾರಾಗಿ ಸಿನಿಮಾಕ್ಕೆ ಹೋಗುತ್ತೇನೆಂದು ನೆಟ್ಟಗೆ ನಿಂತು ಹೇಳಿದ್ದ ಹುಡುಗಿ ಒಂದೇ ಬೆಳಗಿನಲ್ಲಿ ಎಲ್ಲಿ ಹೋದಳು? ಹುಡುಗಿಯರು ತಾನು ಬರೆದ ಪುಟಗಳನ್ನು ಓದಿದ್ದಾರೆ, ಓದಿ ಕಲಿತುಕೊಂಡಿದ್ದಾರೆ. ಬೀಗವನ್ನು ತಾನೇ ಬೀರುವಿನಿಂದ ತಂದು ಮತ್ತೆ ಹಾಕಿದ ಹಾಗಾಯಿತು, ಈ ಸಲ ಗೇಟಿಗಲ್ಲ. ಇಂದ್ರಮ್ಮನಿಗೆ ಅಳು ಬಂತು, ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ.

ಸಂಜೆ ಗುಡಿಯ ಗಂಟೆ ಬಾರಿಸುವ ಹೊತ್ತಿಗೆ ಅವಳೂ ಪೆನ್ನು ತೆಗೆದುಕೊಂಡು ಹತ್ತೊಂಬತ್ತನೆಯ ಸಾಲು ಬರೆದಳು. 'ಹೆಸರು: ಇಂದ್ರಮ್ಮ. ಹೋಗುವ ಜಾಗ: ಪಾವಗಡ. ಕಾರಣ: ನಾಗಲಿಂಗಯ್ಯನವರಿಗೆ ನಿಜ ಹೇಳುವುದು.' ಬರೆದು ನೋಡಿದಳು. ನಿಜ ಹೇಳಿದರೆ ತನ್ನ ಮನಸ್ಸು ಹಗುರಾಗುತ್ತದೆ, ಆದರೆ ಓದು ಬಿಟ್ಟು ಮನೆಗೆ ಹೋಗಿ ಮದುವೆಯ ತಾಂಬೂಲ ಹಿಡಿಯಬೇಕಾದವಳು ಯಶಸ್ವಿನಿ. ತನ್ನ ಪುಣ್ಯಕ್ಕೆ ಆ ಹುಡುಗಿ ಯಾಕೆ ದಂಡ ತೆರಬೇಕು? ಸಾಲನ್ನು ಹೊಡೆದುಹಾಕಿ ಕೆಳಗೆ 'ದೇವಸ್ಥಾನ' ಎಂದು ಬರೆದಳು. ಬರೆದದ್ದು ಇನ್ನೊಂದು ಸುಳ್ಳಾಗಬಾರದೆಂದು ಚಪ್ಪಲಿ ಮೆಟ್ಟಿಕೊಂಡು ದೇವಸ್ಥಾನಕ್ಕೇ ಹೊರಟಳು.

ಮಂಗಳಾರತಿ ತಟ್ಟೆ ಹಿಡಿದಿದ್ದ ಪೂಜಾರಿ ರೇಣುಕಯ್ಯನವರಿಗೆ ಅವಳ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹಾಸ್ಟೆಲ್ ಇಂದ್ರಮ್ಮಾರಲ್ವಾ? ಏನಮ್ಮಾ, ಈ ಕಡೆ ದಾರಿ ತಪ್ಪಿ ಬಂದ್ಬುಟ್ರಾ?"

"ನಾನು ಬರ್ದೇ ಇದ್ರೇನ್ ಸ್ವಾಮಿ, ನಮ್ ಹುಡ್ಗೀರು ಬತ್ತಾನೇ ಇರ್ತಾರಲ್ಲ" ಅಂದಳು, ಕೊನೆಯ ಆಸೆಯನ್ನು ಹಿಡಿದುಕೊಂಡು.

"ನಿಮ್ ಹುಡ್ಗೀರಾ?" ರೇಣುಕಯ್ಯ ಯೋಚಿಸಿದರು. ಪಾಪ, ಅವರಿಗೂ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹದಿನೈದು ವರ್ಷದಿಂದ ನಾನೇ ಪೂಜೆ ಮಾಡ್ತಿವ್ನಿ. ಹಾಸ್ಟೆಲ್ ಮಕ್ಳು ಯಾರೂ ಬಂದಿದ್ದು ನೆಪ್ಪಿಲ್ಲ ಕಣಮ್ಮ. ಇವತ್ತು ಒಬ್ಳು ಬಂದವ್ಳೆ ನೋಡಿ, ಅಲ್ಲಿ ಕೆರೆ ಕಡೆ ಮೆಟ್ಲ ಮೇಲೆ. ಪ್ರಸಾದಕ್ಕೆ ಶ್ಯಾವಿಗೆ ಪಾಯಸ ಯಾವತ್ತಾದ್ರೂ ಮಾಡ್ತೀರಾ ಅಂತ ಕೇಳಿದ್ಲು. ಇಲ್ಲ ಕಣವ್ವ, ಕಲ್ಲುಸಕ್ಕರೆ ಅಷ್ಟೆ ಅಂದೆ."

ಮೆಟ್ಟಿಲ ಮೇಲೆ ಯಶಸ್ವಿನಿ ಕೂತಿದ್ದಳು. ಇಂದ್ರಮ್ಮನನ್ನು ಕಂಡು ಎದ್ದು ನಿಂತಳು.

"ನೀನ್ಯಾಕೇ ಇಲ್ಲಿ?"

"ಬೆಳಿಗ್ಗೆ ಅಪ್ಪಾಜಿ ಹತ್ರ ಹೇಳ್ಬುಟ್ನಲ್ಲ ಆಂಟಿ, ಇಲ್ಲಿಗೆ ಬಂದಿದ್ದೆ ಅಂತ. ಒಂದ್ಸಲನಾದ್ರೂ ಬಂದು ಹೋಗಾನ ಅನ್ನಿಸ್ತು. ನೀವು?"

"ನಾನೂ ಅಷ್ಟೇ ಕಣೇ. ರಿಜಿಸ್ಟ್ರಲ್ಲಿ ಬರ್ದುಬುಟ್ಟೆ."

ಇಬ್ಬರೂ ಪಕ್ಕಪಕ್ಕ ಕೂತರು. ಕೆರೆಯಲ್ಲಿ ನೀರು ಅರ್ಧಕ್ಕೆ ಇಳಿದಿತ್ತು, ಆಚೆ ಬೆಟ್ಟದ ಬಂಡೆಯ ಮೇಲೆ ಇನ್ನೂ ಬಿಸಿಲಿತ್ತು. ಇಷ್ಟು ಹೊತ್ತಿನಲ್ಲಿ ಮನೆಯ ಹೊರಗೆ ಕೂತು ಇಂದ್ರಮ್ಮನಿಗೆ ಎಷ್ಟು ವರ್ಷವಾಗಿತ್ತೋ. ಕೊನೆಗೆ ಕೇಳಿಯೇಬಿಟ್ಟಳು.

"ಅಲ್ವೇ, ಆವತ್ತು ಅವರ ಮನೇಲಿ ಏನ್ ಉಂಡೆ?"

ಹುಡುಗಿ ಅವಳ ಕಡೆ ತಿರುಗಿದಳು. "ನಿಜ ಹೇಳ್ಲಾ ಆಂಟಿ, ಇಲ್ಲಾ ರಿಜಿಸ್ಟ್ರಲ್ಲಿ ಬರೆಯೋದು ಹೇಳ್ಲಾ?"

ನಿಜ ಹೇಳು ಎಂದು ಬೋರ್ಡು ಬರೆಸುವುದು ಸುಲಭ, ಹೇಳಿದ ನಿಜವನ್ನು ಕೇಳಿಸಿಕೊಂಡು ಕೂರುವುದು ಇಷ್ಟು ಕಷ್ಟ ಎಂದು ಗೊತ್ತಾಗಲು ಇಂದ್ರಮ್ಮನಿಗೆ ಐವತ್ತೆಂಟು ವರ್ಷ ಬೇಕಾಯಿತು.

"ನಿಜಾನೇ ಹೇಳು."

"ಸಾಬೀರಾ ಆಂಟಿ ನನಗೆ ಅಂತ ಹೊಸ ಪಾತ್ರೆ ತಂದು, ಬೇರೆ ಒಲೇಲಿ ಅನ್ನ ಬೇಳೆಸಾರು ಮಾಡಿದ್ರು. ಅದನ್ನೇ ಉಂಡೆ. ಆಮೇಲೆ ಆಫ್ರೀನ್ ತಟ್ಟೇಲಿ ಬಿರಿಯಾನಿ ಇತ್ತು. ಒಂದು ತುಂಡು ಬಾಯಿಗೆ ಹಾಕ್ಕಂಡೆ. ಯಾರೂ ಹಾಕ್ಕೋ ಅನ್ಲಿಲ್ಲ. ಸಾಬೀರಾ ಆಂಟಿ ಬೈದ್ರು ಕೂಡ, ನಿಮ್ಮಪ್ಪನಿಗೆ ನಾವೇನ್ ಜವಾಬು ಹೇಳೋದು ಅಂತ."

"ಶಿವಾ... ಆಮೇಲೆ?"

"ಆಮೇಲೇನಿಲ್ಲ. ನನಗೆ ಹಿಡಿಸ್ಲಿಲ್ಲ. ಇನ್ ತಿನ್ನಲ್ಲ." ಕೆರೆ ಕಡೆ ನೋಡುತ್ತಾ ಅಂದಳು, "ಅಪ್ಪಾಜಿ ತಿನ್ನದೇ ಇರೋದು ತಾತ ತಿನ್ನಲಿಲ್ಲ ಅಂತ. ನಾನು ತಿನ್ನದೇ ಇರೋದು ನನಗೆ ಬೇಡ ಅಂತ. ನಂದೇ ಗಟ್ಟಿ ಆಂಟಿ. ಆದ್ರೆ ಇದನ್ನ ಅಪ್ಪಾಜಿಗೆ ಹೇಳಕ್ಕಾಗುತ್ತಾ?"

ಇಂದ್ರಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಹುಡುಗಿ ತನಗೆ ಹೇಳಿದ ಮೊದಲ ಮಾತು ಇದೇ ಏನೋ ಅನ್ನಿಸಿತು ಅವಳಿಗೆ.

ಮನೆಗೆ ಬಂದವಳೇ ಕುರ್ಚಿ ಹತ್ತಿ ಬೋರ್ಡು ಇಳಿಸಿದಳು. ಆ ಬೋರ್ಡಿನ ಲೆಕ್ಕದಲ್ಲಿ ಮನೆಯಿಂದ ಮೊದಲು ಹೊರಗೆ ಹೋಗಬೇಕಾದವಳು ತಾನೇ. ಬೀರುವಿನಿಂದ ನಿಜವಾದ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟು, ಹದಿನೆಂಟೂ ಜನರನ್ನು ಕರೆದಳು.

"ಇನ್ಮೇಲೆ ಇದ್ರಲ್ಲಿ ಬರೀರಿ. ಎಲ್ಲಿಗ್ ಹೋಗ್ತೀರೋ ಅದನ್ನೇ ಬರೀಬೇಕು. ಇದು ನನಗೆ. ಆ ಇನ್ನೊಂದಿದೆಯಲ್ಲ, ಅದು ನಿಮ್ಮಪ್ಪಂದಿರಿಗೆ. ಅದನ್ನ ನೀವು ಮುಟ್ಟಂಗಿಲ್ಲ. ಆ ಪಾಪ ನನಗಿರ್ಲಿ."

ಇಂದ್ರಮ್ಮನ ಹಾಸ್ಟೆಲಿಗೆ ಹೆಸರು ಈಗ ಇನ್ನೂ ಹೆಚ್ಚಿದೆ. ಬೀಗವೇ ಇಲ್ಲದೆ ಮಕ್ಕಳು ದೇವಸ್ಥಾನಕ್ಕೆ ಹೋಗುವ ಹಾಸ್ಟೆಲೆಂದು ನಾಗಲಿಂಗಯ್ಯ ಪಾವಗಡದಿಂದ ಕೊರಟಗೆರೆಯವರೆಗೆ ಸಾರಿದ್ದಾರೆ, ಕೋಣೆಗಾಗಿ ಹನ್ನೊಂದು ಜನ ಅಪ್ಪಂದಿರು ಕಾಯುತ್ತಿದ್ದಾರೆ. ಪ್ರತಿ ಭಾನುವಾರ ಸಂಜೆ ಇಂದ್ರಮ್ಮ ಕನ್ನಡಕ ಹಾಕಿಕೊಂಡು, ಎರಡು ಪೆನ್ನು ಇಟ್ಟುಕೊಂಡು ಕೂರುತ್ತಾಳೆ. ಒಂದು ರಿಜಿಸ್ಟರಿನಲ್ಲಿ ಓದುತ್ತಾಳೆ, ಇನ್ನೊಂದರಲ್ಲಿ ಬರೆಯುತ್ತಾಳೆ. ಮೊನ್ನೆ ಎಲ್ಲರನ್ನೂ ದೇವಸ್ಥಾನಕ್ಕೇ ಕಳಿಸಿದರೆ ಅನುಮಾನ ಬಂದೀತೆಂದು ಲೋಹಿತಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದಳು.